ಹೊಸಬರು ಒಂದೇ ಸಲ ಎರಡು ಮೂರು ಸಮರ ಕಲೆ ಕಲಿಯಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕರಾಟೆ, ಬಾಕ್ಸಿಂಗ್, ಜಿಯು-ಜಿತ್ಸು (ಬಹುಪಾಲು ನೆಲದ ಮೇಲೆ ನಡೆಯುವ ಹಿಡಿತದ ಕಲೆ) ಮೂರೂ ಇಷ್ಟ. ಮೂರಕ್ಕೂ ಒಟ್ಟಿಗೆ ಸೇರಿಕೊಳ್ಳಲಾ?

ಬೇಡ. ಸದ್ಯಕ್ಕೆ ಒಂದಕ್ಕೆ ಸೇರಿ. ಅದು ಮೈಗೆ ಹತ್ತಿದ ಮೇಲೆ ಎರಡನೆಯದಕ್ಕೆ ಹೋಗಿ. ಮೂರನೆಯದರ ಯೋಚನೆ ಆಮೇಲೆ.

ಹಲವು ಕಲೆ ಕಲಿಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೊಡೆಯುವುದೂ ಗೊತ್ತಿರಬೇಕು, ಹಿಡಿಯುವುದೂ ಗೊತ್ತಿರಬೇಕು, ನಿಜ. ನನ್ನ ತಕರಾರು ಇರುವುದು 'ಒಂದೇ ಸಲ' ಅನ್ನುವುದರ ಬಗ್ಗೆ ಮಾತ್ರ.

ಯಾಕೆ ಬೇಡ? ಜಾಸ್ತಿ ಕಲಿತರೆ ಒಳ್ಳೆಯದೇ ಅಲ್ವಾ?

ಎದುರಿಗೆ ನಿಂತವನು ಕೈ ಎತ್ತಿದಾಗ ಯೋಚನೆ ಮಾಡಲು ಸಮಯ ಇರುವುದಿಲ್ಲ. ಮೈ ತಾನಾಗಿ ಏನೋ ಒಂದು ಮಾಡಬೇಕು. ಆ 'ಏನೋ ಒಂದು' ಬರುವುದು ಒಂದೇ ಚಲನೆಯನ್ನು ಸಾವಿರಾರು ಸಲ ಮಾಡಿದ ಮೇಲೆ. ಮೊದಲ ತಿಂಗಳುಗಳಲ್ಲಿ ನೀವು ಕಲಿಯುವುದು ಪಟ್ಟುಗಳನ್ನಲ್ಲ. ಹೇಗೆ ನಿಲ್ಲಬೇಕು, ಭಾರ ಯಾವ ಕಾಲಿನ ಮೇಲೆ ಇರಬೇಕು, ಕೈ ಎಲ್ಲಿರಬೇಕು, ಎಷ್ಟು ದೂರ ಕಾಯ್ದುಕೊಳ್ಳಬೇಕು ಅನ್ನುವುದನ್ನು. ಒಂದೊಂದು ಕಲೆ ಒಂದೊಂದು ಉತ್ತರ ಕೊಡುವುದು ಸರಿಯಾಗಿ ಈ ಜಾಗದಲ್ಲೇ.

ಕೈಯನ್ನೇ ತೆಗೆದುಕೊಳ್ಳಿ. ಸಾಂಪ್ರದಾಯಿಕ ಕರಾಟೆಯಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದು ಮುಷ್ಟಿಯನ್ನು ಸೊಂಟಕ್ಕೆ ಎಳೆದುಕೊಳ್ಳಬೇಕು. ಇದಕ್ಕೆ ಹಿಕಿತೆ ಅನ್ನುತ್ತಾರೆ. ಎದುರಾಳಿಯ ಕೈ ಹಿಡಿದು ಎಳೆಯುವುದು ಅದರ ಹಿಂದಿನ ವಿಚಾರ. ಬಾಕ್ಸಿಂಗ್‌ನಲ್ಲಿ ಅದೇ ಕೈ ಗಲ್ಲದ ಪಕ್ಕದಿಂದ ಕದಲಬಾರದು, ಕದಲಿದರೆ ಮುಖಕ್ಕೆ ಬೀಳುತ್ತದೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ. ಆದರೆ ಸೋಮವಾರ ಸೊಂಟಕ್ಕೆ ಎಳೆದು ಮಂಗಳವಾರ ಗಲ್ಲಕ್ಕೆ ಎಳೆಯುವ ಹೊಸಬರ ಕೈ ಬುಧವಾರ ಎರಡರ ನಡುವೆ ಎಲ್ಲೋ ಎದೆಯ ಹತ್ತಿರ ನಿಂತುಬಿಡುತ್ತದೆ, ಮತ್ತು ಆ ಜಾಗವನ್ನು ಎರಡು ಕಲೆಗಳಲ್ಲಿ ಯಾವುದೂ ಹೇಳಿಕೊಟ್ಟಿರುವುದಿಲ್ಲ.

ಕಾಲಿನದೂ ಇದೇ ಕಥೆ. ಬಾಕ್ಸರ್ ಮುಂದಿನ ಕಾಲಿನ ಮೇಲೆ ಚೆನ್ನಾಗಿ ಭಾರ ಹಾಕಿ ನಿಲ್ಲುತ್ತಾನೆ, ತಲೆ ತಗ್ಗಿಸಿ ಗುದ್ದು ತಪ್ಪಿಸಿಕೊಳ್ಳುತ್ತಾನೆ. ಒದೆತ, ಮೊಣಕಾಲ ಹೊಡೆತವೂ ಇರುವ ಥಾಯ್ಲೆಂಡಿನ ಮುಆಯ್ ಥಾಯ್‌ನಲ್ಲಿ ಮುಂದಿನ ಕಾಲು ಹಗುರವಾಗಿರಬೇಕು. ಎದುರಾಳಿ ಕಾಲಿಗೆ ಒದೆಯಲು ಬಂದರೆ ತಕ್ಷಣ ಮೊಣಕಾಲು ಎತ್ತಿ ತಡೆಯಬೇಕಲ್ಲ? ಅಲ್ಲಿ ತಲೆ ಕೆಳಗೆ ಬಗ್ಗಿಸಿದರೆ ಮೊಣಕಾಲು ಮುಖಕ್ಕೇ ಬರುತ್ತದೆ. ಕುಸ್ತಿಯಲ್ಲಂತೂ ಬಗ್ಗಿಯೇ ನಿಲ್ಲಬೇಕು. ಇಲ್ಲದಿದ್ದರೆ ಕಾಲು ಸಿಕ್ಕಿಬಿಡುತ್ತದೆ. ಒಲಿಂಪಿಕ್ಸ್ ಮಾದರಿಯ, ಒದೆತವೇ ಮುಖ್ಯವಾದ ಟೇಕ್ವಾಂಡೋ ಸ್ಪರ್ಧೆಯಲ್ಲಿ ಮುಖಕ್ಕೆ ಗುದ್ದುವ ಹಾಗಿಲ್ಲ. ಅದಕ್ಕೇ ಅಲ್ಲಿ ಪಕ್ಕಕ್ಕೆ ತಿರುಗಿ, ಕೈ ಇಳಿಬಿಟ್ಟು ನಿಂತವರೂ ಗೆಲ್ಲುತ್ತಾರೆ.

ಅನುಭವಿಗೆ ಇದೆಲ್ಲ ಒಂದು ಸಮಸ್ಯೆಯೇ ಅಲ್ಲ. 'ಓ, ಇಲ್ಲಿ ನಿಯಮ ಬೇರೆ' ಅಂತ ಅವರು ನಿಲುವು ಬದಲಿಸಿಕೊಳ್ಳುತ್ತಾರೆ. ಬದಲಿಸಿಕೊಳ್ಳಲು ಅವರ ಹತ್ತಿರ ಒಂದು ನಿಲುವು ಆಗಲೇ ಇದೆ. ಹೊಸಬರ ಹತ್ತಿರ ಅದು ಇರುವುದಿಲ್ಲ.

ಬೇರೆ ಬೇರೆ ಕೌಶಲ ಬೆರೆಸಿ ಅಭ್ಯಾಸ ಮಾಡಿದರೆ ಚೆನ್ನಾಗಿ ನೆನಪಿರುತ್ತೆ ಅಂತ ಸಂಶೋಧನೆ ಹೇಳುತ್ತಲ್ಲ?

ಹೇಳುತ್ತದೆ. 1979ರಲ್ಲಿ ಶೀ ಮತ್ತು ಮಾರ್ಗನ್ ಮಾಡಿದ ಪ್ರಯೋಗ ಇದರಲ್ಲಿ ಪ್ರಸಿದ್ಧ. ಒಂದೇ ಕೆಲಸವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಕಲಸಿ ಮಾಡಿದವರು ಆಗ ಹಿಂದಿದ್ದರೂ ನಂತರದ ಪರೀಕ್ಷೆಯಲ್ಲಿ ಚೆನ್ನಾಗಿ ಉಳಿಸಿಕೊಂಡಿದ್ದರು. ಆದರೆ ಅಲ್ಲಿ ಕಲಸಿದ್ದು ಒಂದೇ ಜಾತಿಯ ಸರಳ ಕೈಚಲನೆಗಳನ್ನು. ಒಂದಕ್ಕೊಂದು ಎದುರಾದ ನಿಲುವು ಕಲಿಸುವ ಮೂರು ಪದ್ಧತಿಗಳನ್ನಲ್ಲ.

ನಿಮ್ಮ ಕಲೆಯ ಒಳಗೇ ಈ ಪಾಠ ಬಳಸಿಕೊಳ್ಳಿ. ಒಂದೇ ಕಿಕ್ ಐವತ್ತು ಸಲ ಮಾಡುವ ಬದಲು ಎರಡು ಮೂರು ಕಿಕ್ ಅದಲು ಬದಲು ಮಾಡಿ. ಜೊತೆಗಾರರನ್ನು ಬದಲಿಸಿ. ಅದೂ ಚಲನೆಯ ಆಕಾರ ಒಂದಿಷ್ಟು ಗೊತ್ತಾದ ಮೇಲೆ. ಮೊದಲ ದಿನವೇ ಅಲ್ಲ.

ಬ್ರೂಸ್ ಲೀ ಎಲ್ಲ ಕಲೆಗಳನ್ನೂ ಬೆರೆಸಿದವನು ಅಲ್ವಾ? ಎಂಎಂಎ (ಹೊಡೆತ, ಹಿಡಿತ ಎರಡೂ ಇರುವ ಮಿಶ್ರ ಸಮರ ಕಲೆ) ಆಟಗಾರರು ಎಲ್ಲವನ್ನೂ ಕಲಿಯುತ್ತಾರಲ್ಲ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಯಾಕೆಂದರೆ ಈ ಹೆಸರುಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಉತ್ತರ ಉಲ್ಟಾ ಬರುತ್ತದೆ.

ಬ್ರೂಸ್ ಲೀ ಹದಿಹರೆಯದಲ್ಲಿ ಇಪ್ ಮ್ಯಾನ್ ಅವರ ಶಾಲೆಯಲ್ಲಿ ವಿಂಗ್ ಚುನ್ ಅನ್ನುವ ಚೀನಾದ ಸಮರ ಕಲೆ ಕಲಿತ. ಬಾಕ್ಸಿಂಗ್, ಫೆನ್ಸಿಂಗ್‌ನಿಂದ ವಿಚಾರಗಳನ್ನು ತೆಗೆದುಕೊಂಡು ತನ್ನದೇ ದಾರಿ ಮಾಡಿಕೊಂಡು ಅದಕ್ಕೆ ಜೀತ್ ಕುನ್ ದೋ ಅಂತ ಹೆಸರಿಟ್ಟಿದ್ದು 1967ರಲ್ಲಿ. ಅಷ್ಟು ಹೊತ್ತಿಗೆ ಹತ್ತು ವರ್ಷಕ್ಕೂ ಜಾಸ್ತಿ ಅಭ್ಯಾಸ ಆಗಿತ್ತು. ಬೇಡದ್ದನ್ನು ಬಿಡಬೇಕು ಅಂದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕು.

ಜೂಡೋ ಹುಟ್ಟಿಸಿದ ಜಿಗೊರೊ ಕಾನೊ ಅವರನ್ನು ನೋಡಿ. ಅವರು 1877ರ ಸುಮಾರಿಗೆ ತೆಂಜಿನ್ ಶಿನ್ಯೊ ರ್ಯೂ ಅನ್ನುವ ಜುಜುತ್ಸು ಪದ್ಧತಿಯಲ್ಲಿ ಶುರು ಮಾಡಿದರು. ಅದರಲ್ಲಿ ಹಿಡಿತ, ಕತ್ತು ಒತ್ತುವ ಪಟ್ಟುಗಳಿಗೆ ಒತ್ತು. ಕೆಲವು ವರ್ಷ ಅದರಲ್ಲಿ ಬೆವರು ಹರಿಸಿದ ಮೇಲೆ, ಎಸೆತಗಳಿಗೆ ಹೆಸರಾದ ಕಿತೊ ರ್ಯೂಗೆ ಹೋದರು. 1882ರಲ್ಲಿ ಅವರ ಜೂಡೋ ಶಾಲೆ ಕೊಡೊಕಾನ್ ಶುರುವಾಯಿತು. ಎರಡು ಕಲೆ ಬೆರೆತವು, ಸರಿ. ಒಂದಾದ ಮೇಲೆ ಒಂದಾಗಿ ಬೆರೆತವು.

ಎಂಎಂಎಗೆ ಬಂದರೆ, 1993ರಲ್ಲಿ ಯುಎಫ್‌ಸಿ ಅನ್ನುವ ಎಂಎಂಎ ಪಂದ್ಯಾವಳಿಯ ಮೊದಲ ಆವೃತ್ತಿ ಗೆದ್ದ ರಾಯ್ಸ್ ಗ್ರೇಸಿ ಜಿಯು-ಜಿತ್ಸು ಮನೆತನದ ಹುಡುಗ, ಚಿಕ್ಕಂದಿನಿಂದ ಅದರಲ್ಲೇ ಬೆಳೆದವನು. ಆಮೇಲೆ ಆಟ ಬದಲಾಯಿತು, ಒಂದೇ ಕಲೆ ಸಾಲದಾಯಿತು, ಒಪ್ಪುತ್ತೇನೆ. ಆದರೆ ಯುಎಫ್‌ಸಿ ಚಾಂಪಿಯನ್ ಆಗಿದ್ದ ಜಾರ್ಜಸ್ ಸೇಂಟ್ ಪಿಯರ್ ಬಾಲ್ಯದಲ್ಲಿ ಹಿಡಿದಿದ್ದು ಕ್ಯೊಕುಶಿನ್ ಕರಾಟೆ. ಕುಸ್ತಿ ಬಂದಿದ್ದು ಆಮೇಲೆ. ಹಾಗಿದ್ದರೂ ಎದುರಾಳಿಯನ್ನು ನೆಲಕ್ಕೆ ಕೆಡವುವುದರಲ್ಲೇ ಅವನ ಹೆಸರು ದೊಡ್ಡದಾಯಿತು. ರೋಂಡಾ ರೌಸಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದ ಮೇಲೆ ಎಂಎಂಎಗೆ ಕಾಲಿಟ್ಟವಳು. ಈ ಆಟಗಾರರ ಇವತ್ತಿನ ದಿನಚರಿಯ ವಿಡಿಯೋ ನೋಡಿ ನಕಲು ಮಾಡುತ್ತೀರಿ. ಅವರ ಮೊದಲ ಐದು ವರ್ಷ ಹೇಗಿತ್ತು ಅಂತ ಆ ವಿಡಿಯೋದಲ್ಲಿ ಕಾಣುವುದಿಲ್ಲ.

ಹಾಗಾದರೆ ನೇರವಾಗಿ ಎಂಎಂಎ ಕ್ಲಾಸಿಗೆ ಸೇರುವುದೂ ತಪ್ಪಾ?

ತಪ್ಪಲ್ಲ. ಒಬ್ಬರೇ ಕೋಚ್, ಅಥವಾ ಪರಸ್ಪರ ಮಾತಾಡಿಕೊಳ್ಳುವ ಕೋಚ್‌ಗಳ ತಂಡ, ಒಂದೇ ಪಠ್ಯ, ಒಂದೇ ನಿಲುವು ಇದ್ದರೆ ಅದನ್ನು ಒಂದು ಕಲೆ ಅಂತಲೇ ಲೆಕ್ಕ ಹಾಕಿ. ಅಲ್ಲಿ ಗುದ್ದು ಕಲಿಸುವವರಿಗೆ ಆ ಗುದ್ದಿನ ಹಿಂದೆಯೇ ಎದುರಾಳಿ ಕಾಲು ಹಿಡಿದು ಕೆಡವಲು ಬರಬಹುದು ಅಂತ ಗೊತ್ತಿರುತ್ತದೆ. ಹೇಗೆ ಜೋಡಿಸಬೇಕು ಅನ್ನುವ ತಲೆನೋವನ್ನು ಅವರೇ ಹೊತ್ತಿರುತ್ತಾರೆ.

ಹೀಗೆ ಮೊದಲೇ ಬೆರೆಸಿ ಕಟ್ಟಿದ ಕಲೆಗಳು ಬೇರೆಯೂ ಇವೆ. 1938ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಅಧಿಕೃತ ಕ್ರೀಡೆಯಾದ ಸಾಂಬೊ, ಜೂಡೋ ಮತ್ತು ಅಲ್ಲಿನ ಜನಪದ ಕುಸ್ತಿಗಳನ್ನು ಸೇರಿಸಿ ಬೆಳೆದಿದ್ದು. ಚೀನಾದ ಸಾಂಡಾದಲ್ಲಿ ಗುದ್ದು, ಒದೆತ, ಎಸೆತ ಮೂರೂ ಇವೆ. 1981ರಲ್ಲಿ ತಕಾಶಿ ಅಜುಮಾ ಶುರು ಮಾಡಿದ ಪದ್ಧತಿ ಇವತ್ತಿನ ಕುಡೊ. ಅದರಲ್ಲಿ ಹೊಡೆತದ ಜೊತೆ ಎಸೆತವೂ ನೆಲದ ಹೋರಾಟವೂ ಇದೆ. ಎಲ್ಲವೂ ಬೇಕು ಅನ್ನುವ ಆಸೆ ತಡೆಯಲಾಗದಿದ್ದರೆ ಇಂಥದ್ದೊಂದಕ್ಕೆ ಸೇರಿ. ಮೂರು ಕಡೆ ಓಡಾಡುವುದಕ್ಕಿಂತ ಎಷ್ಟೋ ವಾಸಿ.

ಒಂದು ಎಚ್ಚರ. 'ಎಂಎಂಎ' ಅಂತ ಬೋರ್ಡ್ ಹಾಕಿ ಸೋಮವಾರ ಒಬ್ಬರು, ಬುಧವಾರ ಇನ್ನೊಬ್ಬರು ಬಂದು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಪಾಠ ಮಾಡಿ ಹೋಗುವ ಜಾಗಗಳೂ ಇವೆ. ಹೊಡೆತ ಮತ್ತು ಹಿಡಿತ ಎರಡನ್ನೂ ಸೇರಿಸಿ ಅಭ್ಯಾಸ ಮಾಡಿಸುವ ಕ್ಲಾಸ್ ವಾರಕ್ಕೆ ಒಂದಾದರೂ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಅದು ಒಂದು ಕಲೆಯಲ್ಲ.

ಒಂದರಲ್ಲೇ ಎಷ್ಟು ಕಾಲ ಇರಬೇಕು?

ವಾರಕ್ಕೆ ಎರಡು ಮೂರು ದಿನ ತಪ್ಪದೆ ಹೋದರೆ ಕನಿಷ್ಠ ಆರು ತಿಂಗಳು. ಒಂದು ವರ್ಷ ಆದರೆ ಇನ್ನೂ ಒಳ್ಳೆಯದು. ಇದು ನನ್ನ ಅಂದಾಜು, ಯಾರೂ ಬರೆದಿಟ್ಟ ನಿಯಮ ಅಲ್ಲ. ಕ್ಯಾಲೆಂಡರ್‌ಗಿಂತ ನಿಮ್ಮ ಮೈ ನೋಡಿ ನಿರ್ಧರಿಸಿ.

ನಾನು ನೋಡುವ ಗುರುತುಗಳು ಇವು. ಸ್ಪಾರಿಂಗ್‌ನಲ್ಲಿ (ಜೊತೆಗಾರರೊಂದಿಗಿನ ಅಭ್ಯಾಸದ ಹೋರಾಟದಲ್ಲಿ) ಹೊಡೆತ ಬಂದಾಗ ಕಣ್ಣು ಮುಚ್ಚಿ ಮುಖ ತಿರುಗಿಸುವುದು ನಿಂತಿದೆಯಾ? ಉಸಿರು ಬಿಗಿಹಿಡಿಯುವುದು ಕಡಿಮೆ ಆಗಿದೆಯಾ? ಸುಸ್ತಾದಾಗಲೂ ಕೈ ತನ್ನ ಜಾಗಕ್ಕೆ ತಾನೇ ವಾಪಸ್ ಬರುತ್ತದಾ? ಎದುರಿನವರು ನಿಜವಾಗಿ ತಡೆಯುತ್ತಿರುವಾಗಲೂ ನಿಮಗೆ ಆಗಾಗ ಫಲಿಸುವ ಎರಡು ಮೂರು ಪಟ್ಟು ಇವೆಯಾ? ಹಿಡಿತದ ಕಲೆಯಲ್ಲಿದ್ದರೆ, ಬೀಳುವಾಗ ಕೈ ಊರದೆ ಸರಿಯಾಗಿ ಬೀಳುವುದು ಬಂದಿದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ತಪ್ಪು ಏನು ಅಂತ ಕೋಚ್ ಹೇಳುವ ಮೊದಲೇ ನಿಮಗೆ ಗೊತ್ತಾಗುತ್ತಿದೆಯಾ? ಆ ಹಂತ ತಲುಪಿದರೆ ಎರಡನೆಯ ಕಲೆಗೆ ಧೈರ್ಯವಾಗಿ ಹೋಗಿ.

ಎರಡನೆಯದಾಗಿ ಯಾವುದನ್ನು ತೆಗೆದುಕೊಳ್ಳಲಿ?

ಮೊದಲನೆಯದರಿಂದ ದೂರ ಇರುವುದನ್ನು. ಹೊಡೆತದ ಕಲೆ ಕಲಿತಿದ್ದರೆ ಹಿಡಿತದ್ದು, ಹಿಡಿತದ್ದು ಕಲಿತಿದ್ದರೆ ಹೊಡೆತದ್ದು. ತುಂಬಾ ಜನ ಹತ್ತಿರದ್ದು ಸುಲಭ ಅಂದುಕೊಂಡು ಕರಾಟೆ ಜೊತೆ ಟೇಕ್ವಾಂಡೋ, ಬಾಕ್ಸಿಂಗ್ ಜೊತೆ ಮುಆಯ್ ಥಾಯ್ ಅಂತ ಜೋಡಿ ಮಾಡುತ್ತಾರೆ. ಗಲಿಬಿಲಿ ಜಾಸ್ತಿ ಆಗುವುದು ಅಲ್ಲೇ. ಒಂದೇ ಸನ್ನಿವೇಶಕ್ಕೆ ಎರಡು ಉತ್ತರ ಇದ್ದರೆ ಮೈ ತಡವರಿಸುತ್ತದೆ. ಬಾಕ್ಸಿಂಗ್ ಮತ್ತು ಜಿಯು-ಜಿತ್ಸು ಹಾಗಲ್ಲ. ಒಂದು ನಿಂತು ಆಡುವುದು, ಇನ್ನೊಂದು ಬಹುಪಾಲು ನೆಲದ ಮೇಲೆ. ಮಂಡಿಯೂರಿ ಕಾಲರ್ ಹಿಡಿದುಕೊಂಡಿರುವಾಗ ಯಾರಿಗೂ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕಬೇಕು ಅನ್ನಿಸುವುದಿಲ್ಲ.

ಬಾಕ್ಸಿಂಗ್ ಜೊತೆ ಕುಸ್ತಿ, ಮುಆಯ್ ಥಾಯ್ ಜೊತೆ ಜಿಯು-ಜಿತ್ಸು, ಕರಾಟೆ ಜೊತೆ ಜೂಡೋ, ಎಲ್ಲವೂ ಒಳ್ಳೆಯ ಜೋಡಿಗಳೇ. ಹತ್ತಿರದಲ್ಲಿ ಒಳ್ಳೆಯ ಕೋಚ್ ಯಾವುದಕ್ಕೆ ಸಿಗುತ್ತಾರೋ ಅದಕ್ಕೆ ಹೋಗಿ.

ಎರಡು ಶುರುವಾದ ಮೇಲೂ ಒಂದನ್ನು ಮುಖ್ಯ ಅಂತ ಇಟ್ಟುಕೊಳ್ಳಿ. ಮೂರು ದಿನ ಮುಖ್ಯದ್ದು, ಒಂದು ದಿನ ಹೊಸದು. ಸರಿಸಮ ಹಂಚಿದರೆ ಎರಡೂ ನಿಧಾನ ಆಗುತ್ತವೆ.

ಜೂಡೋ, ಜಿಯು-ಜಿತ್ಸು ಎರಡೂ ಒಂದೇ ಬೇರಿನವು. ಅವನ್ನಾದರೂ ಒಟ್ಟಿಗೆ ಮಾಡಬಹುದಾ?

ಬೇರು ಒಂದೇ. ಕೊಡೊಕಾನ್‌ನಲ್ಲಿ ಕಲಿತ ಮಿತ್ಸುಯೊ ಮಾಯೆದಾ ಬ್ರೆಜಿಲ್‌ಗೆ ಹೋಗಿ ಕಲಿಸಿದ್ದರಿಂದಲೇ ಬ್ರೆಜಿಲಿಯನ್ ಜಿಯು-ಜಿತ್ಸು ಬೆಳೆಯಿತು. ಬಟ್ಟೆ ಒಂದೇ ತರ, ಹಲವು ಪಟ್ಟುಗಳೂ ಒಂದೇ. ಆದರೆ ನಿಯಮಗಳು ಅಭ್ಯಾಸವನ್ನು ಬೇರೆ ದಿಕ್ಕಿಗೆ ಎಳೆದಿವೆ. ಜೂಡೋದಲ್ಲಿ ಎದುರಾಳಿಯನ್ನು ಬೆನ್ನ ಮೇಲೆ ಸರಿಯಾಗಿ ಎಸೆದರೆ ಅಲ್ಲಿಗೆ ಪಂದ್ಯ ಮುಗಿಯಿತು. ಜಿಯು-ಜಿತ್ಸುವಿನಲ್ಲಿ ಕೆಡವಿದ್ದಕ್ಕೆ ಸಿಗುವುದು 2 ಅಂಕ, ನಿಜವಾದ ಆಟ ಆಮೇಲೆ ಶುರು. ಹೀಗಾಗಿ ಎಸೆತ ತಪ್ಪಿಸಲು ಜೂಡೋದವರು ಹೊಟ್ಟೆ ಕೆಳಗಾಗಿ ಬೀಳುತ್ತಾರೆ, ಮುದುಡಿಕೊಂಡು ರೆಫರಿ ನಿಲ್ಲಿಸಲಿ ಅಂತ ಕಾಯುತ್ತಾರೆ. ಜಿಯು-ಜಿತ್ಸುವಿನಲ್ಲಿ ಹಾಗೆ ಬೆನ್ನು ಕೊಟ್ಟರೆ ಎದುರಾಳಿ ಕತ್ತು ಹಿಡಿಯುತ್ತಾನೆ. ಅಲ್ಲಿ ಬೆನ್ನ ಮೇಲೆ ಮಲಗಿ ಕಾಲಿನಿಂದ ಎದುರಾಳಿಯನ್ನು ಹಿಡಿದಿಡುವ ಗಾರ್ಡ್ ಮೊದಲ ಪಾಠಗಳಲ್ಲೇ ಬರುತ್ತದೆ. ಕುಸ್ತಿಪಟುವಿಗೆ ಅದು ಕನಸಿನಲ್ಲೂ ಬೇಡದ ಜಾಗ. ಅಂತರರಾಷ್ಟ್ರೀಯ ಜೂಡೋದಲ್ಲಿ ಕಾಲು ಹಿಡಿಯುವುದಕ್ಕೆ 2010ರಲ್ಲಿ ನಿರ್ಬಂಧ ಬಂತು, 2013ಕ್ಕೆ ಪೂರ್ತಿ ನಿಂತಿತು. ಜಿಯು-ಜಿತ್ಸು, ಕುಸ್ತಿ ಎರಡರಲ್ಲೂ ಕಾಲು ಹಿಡಿಯುವುದು ದಿನನಿತ್ಯದ ಕೆಲಸ.

ಹೊಡೆತದ ಎರಡು ಕಲೆ ಬೆರೆಸಿದಷ್ಟು ಗೊಂದಲ ಇಲ್ಲಿ ಆಗುವುದಿಲ್ಲ, ಯಾಕೆಂದರೆ ತೂಕ, ಸಮತೋಲ, ಹಿಡಿತದ ಅರಿವು ಎರಡಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೂ ಮೊದಲ ಆರು ತಿಂಗಳು ಒಂದೇ ಇರಲಿ.

ಮೊದಲನೆಯದನ್ನು ಹೇಗೆ ಆರಿಸುವುದು? ತಪ್ಪು ಆರಿಸಿಬಿಟ್ಟರೆ?

ಆರಿಸುವ ಮುಂಚೆ ಎಷ್ಟು ಬೇಕಾದರೂ ರುಚಿ ನೋಡಿ. ಒಂದು ತಿಂಗಳು ಬೇರೆ ಬೇರೆ ಕಡೆ ಟ್ರಯಲ್ ಕ್ಲಾಸ್ ಮಾಡಿ. ಅದು ಆಯ್ಕೆ, ಕಲಿಕೆ ಅಲ್ಲ, ಹಾಗಾಗಿ ನನ್ನ 'ಬೇಡ' ಇದಕ್ಕೆ ಅನ್ವಯಿಸುವುದಿಲ್ಲ.

ಕಲೆಯ ಹೆಸರಿಗಿಂತ ಕ್ಲಾಸ್ ನೋಡಿ. ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಎದುರಿನವರು ನಿಜವಾಗಿ ಪ್ರತಿರೋಧ ತೋರುವ ಅಭ್ಯಾಸ ಇದೆಯಾ? ಹಳೆಯ ವಿದ್ಯಾರ್ಥಿಗಳು ಹೊಸಬರ ಜೊತೆ ಹಗುರವಾಗಿ ಆಡುತ್ತಾರಾ, ಇಲ್ಲ ತಮ್ಮ ಶಕ್ತಿ ತೋರಿಸುತ್ತಾರಾ? ಸೋಲು ಒಪ್ಪಿ ಕೈ ತಟ್ಟಿದ ತಕ್ಷಣ ಬಿಡುತ್ತಾರಾ? ಸಾಧಾರಣ ಕಲೆಯ ಒಳ್ಳೆಯ ಕ್ಲಾಸು, ಪ್ರಸಿದ್ಧ ಕಲೆಯ ಕೆಟ್ಟ ಕ್ಲಾಸಿಗಿಂತ ನೂರು ಪಾಲು ಮೇಲು. ಮೂರು ತಿಂಗಳಾದ ಮೇಲೂ ಮನಸ್ಸು ಒಗ್ಗದಿದ್ದರೆ ಬದಲಿಸಿ. ಬದಲಿಸುವುದು ಬೇರೆ, ಬೆರೆಸುವುದು ಬೇರೆ.

ವಾರದಲ್ಲಿ ಆರು ದಿನ ಬಿಡುವಿದೆ. ಮೂರು ದಿನ ಒಂದು, ಮೂರು ದಿನ ಇನ್ನೊಂದು ಮಾಡಿದರೆ ಏನಾಗುತ್ತೆ?

ಗಾಯ ಆಗುತ್ತದೆ. ಎಲ್ಲರಿಗೂ ಅಲ್ಲ, ಆದರೆ ತುಂಬಾ ಜನ ಕಲಿಕೆ ಬಿಡುವುದು ಬೇಜಾರಿನಿಂದಲ್ಲ, ಗಾಯದಿಂದ. ಸ್ನಾಯು ಬೇಗ ಗಟ್ಟಿಯಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳು, ಕೀಲಿನ ಲಿಗಮೆಂಟ್‌ಗಳು ಒಗ್ಗಿಕೊಳ್ಳಲು ಜಾಸ್ತಿ ಸಮಯ ಬೇಕು. ಎರಡನೇ ತಿಂಗಳಲ್ಲಿ 'ನನಗೆ ಶಕ್ತಿ ಬಂದಿದೆ' ಅನ್ನಿಸುವ ಹೊತ್ತಿಗೆ ಮೊಣಕೈ, ಮೊಣಕಾಲು ಇನ್ನೂ ತಯಾರಾಗಿರುವುದಿಲ್ಲ. ಇದರ ಮೇಲೆ ಎರಡು ಕಲೆಗಳ ಹೊರೆ ಒಂದರ ಮೇಲೊಂದು ಬೀಳುತ್ತದೆ. ಜೂಡೋದ ಬಟ್ಟೆ ಹಿಡಿದು ಹಿಡಿದು ನೋಯುತ್ತಿರುವ ಬೆರಳುಗಳಿಂದಲೇ ಮರುದಿನ ಬ್ಯಾಗ್ ಗುದ್ದುತ್ತೀರಿ. ಒದ್ದು ಒದ್ದು ಬಿಗಿದ ಸೊಂಟದಲ್ಲೇ ಮರುದಿನ ಕುಸ್ತಿಗೆ ಬಗ್ಗುತ್ತೀರಿ. ಎರಡೂ ಕಡೆಯ ಕೋಚ್‌ಗೆ ಇನ್ನೊಂದು ಕಡೆ ನಿಮಗೆ ಏನಾಗಿದೆ ಅಂತ ಗೊತ್ತಿರುವುದಿಲ್ಲ.

ತಲೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ತಲೆಗೆ ಪೆಟ್ಟು ಬಿದ್ದು ತಲೆಸುತ್ತು, ವಾಂತಿ, ಮಂಕು, ಬೆಳಕು ಸಹಿಸಲಾಗದ ತಲೆನೋವು ಬಂದರೆ ಅವತ್ತಿನ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ವೈದ್ಯರಿಗೆ ತೋರಿಸಬೇಕು. ಪೂರ್ತಿ ಗುಣವಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಬಹಳ ಅಪಾಯ. 'ನಾಳೆ ಬರೀ ಜೂಡೋ ತಾನೇ, ಗುದ್ದಾಟ ಇಲ್ಲವಲ್ಲ' ಅಂತ ಹೋಗಬೇಡಿ. ಎಸೆತದಲ್ಲೂ ತಲೆ ಅಲುಗಾಡುತ್ತದೆ.

ಆರು ದಿನ ಬಿಡುವಿದ್ದರೆ ಮೂರು ದಿನ ಕಲೆ, ಒಂದೆರಡು ದಿನ ವ್ಯಾಯಾಮ ಅಥವಾ ಓಟ, ಉಳಿದದ್ದು ವಿಶ್ರಾಂತಿ. ಚೆನ್ನಾಗಿ ನಿದ್ದೆ ಮಾಡಿ. ಕಲಿತದ್ದು ಗಟ್ಟಿಯಾಗುವುದಕ್ಕೆ ನಿದ್ದೆಯೂ ಬೇಕು.

ನನಗೆ ಬೇಕಿರುವುದು ಆತ್ಮರಕ್ಷಣೆ. ಅದಕ್ಕಾದರೂ ಎಲ್ಲ ಕಲೆ ಸ್ವಲ್ಪ ಸ್ವಲ್ಪ ಗೊತ್ತಿರಬೇಕಲ್ವಾ?

ಅಪಾಯದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಗೊತ್ತಿರುವುದು ಕೈಗೆ ಬರುವುದಿಲ್ಲ. ಚೆನ್ನಾಗಿ ಗೊತ್ತಿರುವುದು ಮಾತ್ರ ಬರುತ್ತದೆ. ಹತ್ತು ಕಲೆಯಿಂದ ಆರಿಸಿದ ಇಪ್ಪತ್ತು ಪಟ್ಟು ತೋರಿಸುವ ವಾರಾಂತ್ಯದ ಶಿಬಿರಗಳ ಬಗ್ಗೆ ನನಗೆ ಚಿಂತೆ ಇರುವುದು ಇದಕ್ಕೇ. ಬಿಡಿಸಿಕೊಂಡು ಓಡುವುದಕ್ಕೆ ಗಟ್ಟಿ ನಿಲುವು, ದೂರದ ಅಂದಾಜು, ಒಂದು ನಂಬಿಕೆಯ ಹೊಡೆತ, ಕೆಳಗೆ ಬಿದ್ದರೆ ಎದ್ದು ನಿಲ್ಲುವ ಒಂದು ದಾರಿ ಸಾಕು. ಇದು ಒಂದೇ ಕಲೆಯನ್ನು ಸ್ಪಾರಿಂಗ್ ಸಮೇತ ಕಲಿತರೆ ಬಹುಪಾಲು ಸಿಗುತ್ತದೆ.

ಮಕ್ಕಳಿಗೆ?

ಹತ್ತು ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ನಾನು ಇಷ್ಟು ಬಿಗಿ ಮಾಡುವುದಿಲ್ಲ. ಅವರಿಗೆ ಓಡುವುದು, ಉರುಳುವುದು, ಜಿಮ್ನಾಸ್ಟಿಕ್ಸ್, ಈಜು, ಜೊತೆಗೆ ಒಂದು ಸಮರ ಕಲೆ, ಎಲ್ಲ ಇರಲಿ. ಎರಡು ಮೂರು ಸಮರ ಕಲೆ ಮಾತ್ರ ಬೇಡ. ಸುಮ್ನೆ ದಣಿವು. ತಲೆಗೆ ಹೊಡೆಯುವ ಸ್ಪಾರಿಂಗ್ ಅಂತೂ ಬೇಡವೇ ಬೇಡ. ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು 2011ರಲ್ಲೇ ಮಕ್ಕಳು, ಹದಿಹರೆಯದವರು ಬಾಕ್ಸಿಂಗ್‌ಗೆ ಇಳಿಯುವುದನ್ನು ವಿರೋಧಿಸಿ ಹೇಳಿಕೆ ಕೊಟ್ಟಿವೆ.

ಸಾಂಪ್ರದಾಯಿಕ ಕಲೆಗಳಲ್ಲಿ ಆಯುಧ, ಬರಿಗೈ ಎಲ್ಲ ಒಟ್ಟಿಗೆ ಇರುತ್ತವಲ್ಲ?

ಒಂದೇ ಕಲೆಯೊಳಗೆ ಇರುತ್ತವೆ, ಕ್ರಮವೂ ಇರುತ್ತದೆ. ಕಳರಿಪಯಟ್ಟುವಿನ ಉತ್ತರದ ಪದ್ಧತಿಯಲ್ಲಿ ಮೊದಲು ಮೈಯನ್ನು ಪಳಗಿಸುವ ಮೆಯ್ತಾರಿ, ಆಮೇಲೆ ಮರದ ಆಯುಧಗಳ ಕೋಲ್ತಾರಿ, ಆಮೇಲೆ ಲೋಹದ ಆಯುಧಗಳ ಅಂಕತಾರಿ, ಕೊನೆಗೆ ಬರಿಗೈಯ ವೆರುಂಕೈ. ಮುಂದಿನದು ಹಿಂದಿನದರ ಮೇಲೆ ನಿಂತಿದೆ. ಫಿಲಿಪ್ಪೀನ್ಸ್‌ನ ಆರ್ನಿಸ್‌ನಲ್ಲಿ ಕೋಲು ಮೊದಲೇ ಕೈಗೆ ಬರುತ್ತದೆ, ಅದೇ ಚಲನೆ ಬರಿಗೈಗೂ ಹೊಂದುತ್ತದೆ. ಇವು ಒಂದೇ ವ್ಯಾಕರಣದ ಒಳಗಿನ ವೈವಿಧ್ಯ. ಹೆದರಬೇಕಿಲ್ಲ.

ಎರಡನೆಯ ಕಲೆಗೆ ಹೋಗುವಾಗ ಮೊದಲ ಗುರುಗಳಿಗೆ ಹೇಳಬೇಕಾ? ನನ್ನ ಬೆಲ್ಟ್ ಅಲ್ಲಿ ನಡೆಯುತ್ತದಾ?

ಹೇಳಿ. ಹೇಳಿದರೆ ಗಾಯ, ದಣಿವು, ಗೊಂದಲ ಅವರಿಗೂ ಅರ್ಥವಾಗುತ್ತದೆ. ಹೇಳಿದ್ದಕ್ಕೇ ಸಿಟ್ಟಾಗುವವರಾದರೆ ಅದನ್ನೂ ತಿಳಿದುಕೊಂಡ ಹಾಗಾಯಿತು. ಬೆಲ್ಟ್ ನಡೆಯುವುದಿಲ್ಲ, ಬಿಳಿಯಿಂದ ಶುರು. ಹೊಸ ಜಾಗದಲ್ಲಿ 'ನಮ್ಮಲ್ಲಿ ಹೀಗೆ ಮಾಡುತ್ತೇವೆ' ಅನ್ನಬೇಡಿ. ಅವರು ಹೇಳಿದ ಹಾಗೆ ಮಾಡಿ.

ನಾನು ಆಗಲೇ ಮೂರಕ್ಕೂ ಸೇರಿ ನಾಲ್ಕು ತಿಂಗಳಾಗಿದೆ. ಈಗ ಏನು ಮಾಡಲಿ?

ಗಾಬರಿ ಬೇಡ, ನಾಲ್ಕು ತಿಂಗಳು ವ್ಯರ್ಥ ಆಗಿಲ್ಲ. ದಮ್ಮು ಬಂದಿದೆ, ಮೈ ಬಗ್ಗುತ್ತಿದೆ, ಹೊಡೆತದ ಭಯ ಸ್ವಲ್ಪ ಹೋಗಿದೆ. ಇವು ಯಾವ ಕಲೆಗೆ ಹೋದರೂ ಜೊತೆಗೆ ಬರುತ್ತವೆ.

ಯಾವ ಕ್ಲಾಸಿಗೆ ಸುಸ್ತಾದ ದಿನವೂ ಹೋಗಬೇಕು ಅನ್ನಿಸುತ್ತದೆ, ಯಾವ ಕೋಚ್ ನಿಮ್ಮ ಹೆಸರು ಹಿಡಿದು ನಿಮ್ಮ ತಪ್ಪು ತಿದ್ದುತ್ತಾರೆ, ಅದನ್ನು ಉಳಿಸಿಕೊಳ್ಳಿ. ಇನ್ನೆರಡನ್ನು ನಿಲ್ಲಿಸಿ. ಮೂರರಲ್ಲಿ ಎರಡು ತುಂಬಾ ಇಷ್ಟವಾಗಿದ್ದು, ಒಂದು ಹೊಡೆತದ್ದು ಇನ್ನೊಂದು ಹಿಡಿತದ್ದು ಆಗಿದ್ದರೆ, ಎರಡನೆಯದನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ ಇಟ್ಟುಕೊಳ್ಳಿ. ಬಿಡುವ ಕೋಚ್‌ಗಳಿಗೆ ಮರ್ಯಾದೆಯಿಂದ ಹೇಳಿ ಬನ್ನಿ, ಒಂದು ವರ್ಷ ಬಿಟ್ಟು ವಾಪಸ್ ಬರುತ್ತೇನೆ ಅಂತ. ಒಳ್ಳೆಯ ಕೋಚ್ ಬೇಸರ ಮಾಡಿಕೊಳ್ಳುವುದಿಲ್ಲ. ವಾಪಸ್ ಹೋದಾಗ ಅದೇ ಪಾಠ ಅರ್ಧ ಸಮಯದಲ್ಲಿ ಅರ್ಥವಾಗುವುದನ್ನು ನೀವೇ ನೋಡುತ್ತೀರಿ.